ಸೋಮವಾರ ಬರೆದದ್ದು

ಆ ಮಂಗಳವಾರ ಕಲಘಟಗಿ ಆಫೀಸಿನ ಒಳಕೋಣೆಯಲ್ಲಿ ನಾವು ಐದು ಮಂದಿ ಇದ್ದೆವು. ಮೇಜಿನ ಆಚೆ ನಮ್ಮ ಟ್ರಸ್ಟಿನ ಕಾರ್ಯದರ್ಶಿ ಹಿರೇಗೌಡರು. ಅವರ ಬಾಜೂಕ, ವಾರಕ್ಕೆ ಎರಡು ಸಲ ಹಳ್ಳಿಗೆ ಬರುವ ಡಾಕ್ಟರರು. ಬಾಗಿಲ ಹತ್ತಿರ ಚಹಾದ ಕಪ್ಪುಗಳನ್ನು ಹಿಡಿದುಕೊಂಡು ಜವಾನ ದ್ಯಾಮಣ್ಣ. ಕಿಟಕಿಯ ಕಡೆಗೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು. ನಟ್ಟನಡುವೆ ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತವಳು ರೇಣುಕಾ, ದೇವಿಕೊಪ್ಪದಲ್ಲಿರುವ ನಮ್ಮ ದವಾಖಾನೆಯ ನರ್ಸ್.

ಮಾತು ಇಷ್ಟೇ. ಕೆಲವು ಸೋಮವಾರ ಮುಂಜಾನೆ ದೇವಿಕೊಪ್ಪದ ಫ್ರಿಜ್ಜಿನಿಂದ ಲಸಿಕೆಯ ಸೀಸೆಗಳು ಹೊರಗೆ ಬಂದಿವೆ. ತೆಗೆದದ್ದಕ್ಕೆ ಫ್ರಿಜ್ಜಿಗೆ ಅಂಟಿಸಿದ ಹಾಳೆಯಲ್ಲಿ ರೇಣುಕಾನ ಸಹಿ ಇದೆ. ಯಾರಿಗೆ ಚುಚ್ಚಿದ್ದು ಎಂಬುದು ಮಾತ್ರ ಕಂಪ್ಯೂಟರಿನಲ್ಲಿ ಇಲ್ಲ.

“ಎಲ್ಲಿ ಹೋದುವವ್ವಾ ಸೀಸೆ?” ಅಂದರು ಗೌಡರು.

“ಮಂದಿ ತೋಳಿನಾಗ ಹೋಗ್ಯಾವ್ರಿ,” ಅಂದಳು ರೇಣುಕಾ.

ಗೌಡರು ನನ್ನ ಕಡೆ ತಿರುಗಿ, ಈರಪ್ಪ, ಇನ್ನೊಮ್ಮೆ ನೋಡಿ ಹೇಳು ಅಂದರು. ನಾನು ಪರದೆ ನೋಡಿದೆ. ಆ ಸೋಮವಾರಗಳ ಮುಂಜಾನೆಯ ಜಾಗ ಬರಿದು. “ಇಲ್ರಿ,” ಅಂದೆ. ರೇಣುಕಾ ನನ್ನನ್ನು ನೋಡಿದಳು. ಮುಂದಿನ ಸಭೆಯ ತನಕ ಮನೆಯಲ್ಲಿರು ಅಂತ ಅವಳಿಗೆ ಹೇಳಿ ಕಳಿಸಿದರು. ಅದು ಹತ್ತು ದಿನದ ಮಾತು. ಆಮೇಲೆ ಕೆಲಸವೂ ಇಲ್ಲ, ಹೆಸರೂ ಇಲ್ಲ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನನಗೆ ಇನ್ನೊಂದೂ ಗೊತ್ತಿತ್ತು. ಆ ಸೋಮವಾರಗಳಲ್ಲಿ ಒಂದು ದಿನ ಅವಳು ಬರೆಯುವಾಗ ನಾನೇ ಅವಳ ಪಕ್ಕದಲ್ಲಿ ನಿಂತಿದ್ದೆ. ಕಣ್ಣಾರೆ ನೋಡಿದ್ದೆ. ನೋಡಿಯೂ ಇಲ್ರಿ ಅಂದೆ. ಹೇಗೆ ಅಂದೆ ಅಂತ ಈ ಕೆಲಸಕ್ಕೆ ಹೊಸದಾಗಿ ಬರುವ ನಿಮಗೆ ತಿಳಿಯಬೇಕಾದರೆ, ಕೆಲಸ ಎಂಥದ್ದು ಅಂತ ಮೊದಲು ಹೇಳಬೇಕು.

ನಾನು ಟ್ರಸ್ಟಿಗೆ ಸೇರಿದ್ದು ಟೈಪ್ ಹೊಡೆಯಲಿಕ್ಕೆ. ಕಲಘಟಗಿ ತಾಲೂಕಿನ ಎಂಟು ಹಳ್ಳಿಗಳಲ್ಲಿ ನಮ್ಮ ಸಣ್ಣ ದವಾಖಾನೆಗಳು. ಮೊದಲು ದಪ್ಪ ರಜಿಸ್ಟರುಗಳಿದ್ದವು, ಆಮೇಲೆ ಒಂದು ಕಂಪ್ಯೂಟರು ಬಂತು, ಅದು ಬಂದ ದಿನ ಯಾರೂ ಮುಟ್ಟಲಿಲ್ಲವಾದ್ದರಿಂದ ನಾನು ಮುಟ್ಟಿದೆ. ಹೀಗೆ ನಾನು ಕಂಪ್ಯೂಟರ್ ಕಾಕಾ ಆದೆ. ಕೊನೆಗೆ ಬಂದದ್ದು ಒಂದು ದೊಡ್ಡ ಯಂತ್ರ. ಅದರ ಹೊಟ್ಟೆಯಲ್ಲಿ ಆರು ಕಂಪ್ಯೂಟರುಗಳಿವೆ ಅಂತ ಹೇಳಿದರು. ತೆಗೆದು ನೋಡಿದರೆ ಒಂದೂ ಇಲ್ಲ.

ನಮ್ಮ ಆಯಿ ಒಂದು ಮಾತು ಹೇಳುತ್ತಿದ್ದಳು: ತಿಳಿಯಲಾರದ್ದನ್ನು ಮನೆಯ ಸಾಮಾನಿಗೆ ಹೋಲಿಸಿ ನೋಡು, ಅರ್ಧ ತಿಳಿಯುತ್ತದೆ, ಉಳಿದರ್ಧ ಕೆಡುತ್ತದೆ. ನಾನು ಹೋಲಿಸಿದೆ. ಒಂದು ದೊಡ್ಡ ವಾಡೆ, ಅದರಲ್ಲಿ ಆರು ಬಾಡಿಗೆ ಮನೆ. ಪ್ರತಿ ಮನೆಯವನಿಗೂ ಇಡೀ ವಾಡೆ ತನ್ನದೇ ಅನ್ನುವ ಭ್ರಮೆ. ನೀರು, ಬೆಳಕು, ಜಾಗ ಎಲ್ಲವನ್ನೂ ಹಂಚುವ ಕಾರಭಾರಿ ಒಬ್ಬ ಇದ್ದಾನೆ, ಅವನೇ ಹೈಪರ್‌ವೈಸರ್. ಒಳಗಿನ ಆರು ಬಾಡಿಗೆದಾರರು ವರ್ಚುವಲ್ ಮಷೀನುಗಳು. ಆ ಕಾರಭಾರಿಯ ಜೊತೆ ದೂರದಿಂದ ಮಾತಾಡುವುದಕ್ಕೆ ಒಂದು ಲೈಬ್ರರಿ ಇರುತ್ತದೆ. ಪುಸ್ತಕದ ಲೈಬ್ರರಿ ಅಲ್ಲ, ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಗಂಟು. ಅದರ ಮೂಲಕ ಕೇಳಿದರೆ ಯಾರು ಎದ್ದಿದ್ದಾರೆ, ಯಾರು ಮಲಗಿದ್ದಾರೆ ಅಂತ ಅವನು ಪಟ್ಟಿ ಕೊಡುತ್ತಾನೆ. ಎಬ್ಬಿಸು ಅಂದರೆ ಎಬ್ಬಿಸುತ್ತಾನೆ, ಮಲಗಿಸು ಅಂದರೆ ಮಲಗಿಸುತ್ತಾನೆ.

ಇದು ಕೈಗೆ ಬಂದ ಮೇಲೆ ನಾನು ದುಮ್ಮವಾಡದ ನಮ್ಮ ಮನೆಯ ಪಡಸಾಲೆಯಿಂದಲೇ ಕಲಘಟಗಿಯ ಯಂತ್ರ ನೋಡಿಕೊಳ್ಳುವ ಹಾಗಾಯಿತು. ಮೊದಲನೇ ದಿನ ಪಟ್ಟಿ ಕೇಳಿದೆ. ಬರಿದು ಬಂತು. ಒಂದೂ ಮಷೀನು ಇಲ್ಲ. ದ್ಯಾಮಣ್ಣನಿಗೆ ಫೋನು ಮಾಡಿ ಯಂತ್ರ ಇದೆಯೋ ನೋಡು ಅಂದೆ.

“ಐತ್ರಿ. ಗುಂಯ್ ಅನ್ನಾಕತ್ತೈತಿ.”

“ಅದರೊಳಗಿನ ಆರು?”

“ಒಳಗಿನ್ನೂ ನಾ ಹೆಂಗ ನೋಡ್ಲಿರಿ ಸಾಹೇಬ್ರ,” ಅಂದ.

ಬಸ್ಸು ಹತ್ತಿ ಕಲಘಟಗಿಗೆ ಓಡಿದೆ. ಅಲ್ಲಿ ಆರೂ ಆರಾಮ ನಡೆದಿದ್ದವು. ಮನೆಗೆ ಬಂದು ಕೇಳಿದರೆ ಮತ್ತೆ ಬರಿದು. ಯಾವ ಯಂತ್ರದ ಕಾರಭಾರಿ ಅಂತ ವಿಳಾಸ ಹೇಳದಿದ್ದರೆ ಲೈಬ್ರರಿ ನನ್ನ ಲ್ಯಾಪ್‌ಟಾಪಿನ ಒಳಗೇ ಕೇಳಿ ಬರುತ್ತಿತ್ತು. ವಿಳಾಸ ಹೇಳಿದರೂ, ಸಾಮಾನ್ಯ ಮನುಷ್ಯನಾಗಿ ಕೇಳಿದರೆ ನನ್ನ ಹೆಸರಿನ ಕೋಣೆಯಷ್ಟೇ ತೋರಿಸುತ್ತಿತ್ತು. ಅಲ್ಲಿ ನನ್ನದೇನಿದೆ, ಏನೂ ಇಲ್ಲ. ತಪ್ಪು ಅಂತ ಅದು ಒಮ್ಮೆಯೂ ಅನ್ನಲಿಲ್ಲ. ಕೇಳಿದ ಬಾಗಿಲಿನ ಉತ್ತರವನ್ನು ಸೌಜನ್ಯದಿಂದ ಕೊಟ್ಟಿತು. ಇದು ತಿಳಿಯಲು ನನಗೆ ಹನ್ನೊಂದು ದಿನ ಹಿಡಿಯಿತು. ಪೂರ್ತಿ ತಿಳಿದಿದೆಯೇ ಅಂತ ಕೇಳಬೇಡಿರಿ.

ಹಿರೇಗೌಡರ ವಿಷಯ ಹೇಳದಿದ್ದರೆ ಅನ್ಯಾಯವಾದೀತು. ಕೆಟ್ಟ ಮನುಷ್ಯರಲ್ಲ. ಕಾಣುವುದನ್ನು ಮಾತ್ರ ನಂಬುವವರು. ಹೊರಗಿನಿಂದ ಯಾರೋ ಹಿರಿಯರು ಬಂದಾಗ, ನಮ್ಮಲ್ಲಿ ಆರು ಕಂಪ್ಯೂಟರ್ ಅದಾವ ಬರ್ರಿ ಅಂತ ಯಂತ್ರದ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದೇ ಡಬ್ಬಿ. ಬಂದವರು ಎಣಿಸಿದರು, ಗೌಡರೂ ಎಣಿಸಿದರು. ಅವರನ್ನು ಕಳಿಸಿದ ಮೇಲೆ ನನ್ನನ್ನು ಕರೆದು ಉಳಿದ ಐದು ಎಲ್ಲಿ ಅಂತ ಕೇಳಿದರು. ವಾಡೆ, ಬಾಡಿಗೆದಾರರು ಅಂತ ಅರ್ಧ ತಾಸು ಹೇಳಿದೆ. ಎಲ್ಲಾ ಕೇಳಿ, ಮಾಳಿಗೆಯ ಮೇಲಿದ್ದ ಹಳೆಯ ಖಾಲಿ ಡಬ್ಬಿ ಐದು ಇಳಿಸಿ ಬಾಜೂಕ ಇಡಿಸು ಅಂದರು. ಇಡಿಸಿದೆ. ಆಮೇಲೆ ಬಂದವರೆಲ್ಲ ಸಂತೋಷದಿಂದ ಹೋದರು. ಹೊಸದಾಗಿ ಕೆಲಸಕ್ಕೆ ಸೇರಿದವನೊಬ್ಬ ಅವುಗಳಲ್ಲಿ ಒಂದನ್ನು ರಿಪೇರಿಗೆ ಹುಬ್ಬಳ್ಳಿಗೂ ಒಯ್ದಿದ್ದ.

ಹುಬ್ಬಳ್ಳಿಯಲ್ಲಿ ನಮ್ಮ ಇನ್ನೊಂದು ಯಂತ್ರವಿತ್ತು. ಅದನ್ನು ನೋಡಿಕೊಳ್ಳುವವಳು ಫರೀದಾ. ನನಗಿಂತ ಇಪ್ಪತ್ತೈದು ವರ್ಷಕ್ಕೆ ಸಣ್ಣವಳು, ಬುದ್ಧಿಯಲ್ಲಿ ಹಾಗೆ ಎಣಿಸಬಾರದು. ನಮ್ಮ ಕಡೆ ಕರೆಂಟು ಹೋಗಿ ಬಂದಾಗಲೆಲ್ಲ ಆರೂ ಮಷೀನು ಮಲಗಿಯೇ ಇರುತ್ತಿದ್ದವು, ನಾನು ಒಂದೊಂದನ್ನೇ ಎಬ್ಬಿಸುತ್ತಿದ್ದೆ. ಯಂತ್ರ ಎದ್ದ ಕೂಡಲೇ ತಾವೇ ಏಳುವ ಹಾಗೆ ಒಂದು ಗುರುತು ಹಾಕಬಹುದು ಅಂತ ತೋರಿಸಿದವಳು ಅವಳು. ಹಾಕಿದೆ. ಆಮೇಲೆ ಇಬ್ಬರೂ ಸೇರಿ ಇನ್ನೊಂದು ಏರ್ಪಾಡು ಮಾಡಿದೆವು. ಪ್ರತಿ ಭಾನುವಾರ ನಮ್ಮ ರೋಗಿಗಳ ದಾಖಲೆಯ ಮಷೀನಿನ ಒಂದು ನಕಲು ಹುಬ್ಬಳ್ಳಿಗೆ ಹೋಗಿ ಮಲಗಬೇಕು. ಕಲಘಟಗಿಯದು ಹತ್ತು ನಿಮಿಷ ಉಸಿರು ಬಿಡದಿದ್ದರೆ ಹುಬ್ಬಳ್ಳಿಯ ನಕಲು ಎದ್ದು ದವಾಖಾನೆಗಳಿಗೆ ಉತ್ತರ ಕೊಡಬೇಕು. ಕಲಘಟಗಿಯದು ಎದ್ದ ಮೇಲೆ ಅದು ಮತ್ತೆ ಮಲಗಬೇಕು. ಬಹಳ ಚೆಂದ ನಡೆಯಿತು. ಎಷ್ಟು ಚೆಂದ ಅಂದರೆ, ಕಲಘಟಗಿಯದು ಮಲಗಿದೆ ಅಂತ ಯಾವ ದವಾಖಾನೆಗೂ ಗೊತ್ತಾಗುತ್ತಿರಲಿಲ್ಲ.

ಇನ್ನು ರೇಣುಕಾ. ಉಳಿದ ಏಳು ದವಾಖಾನೆಯವರು ಚೀಟಿಯಲ್ಲಿ ಬರೆದಿಟ್ಟುಕೊಂಡು ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿಗೆ ಏರಿಸುತ್ತಿದ್ದರು. ಚೀಟಿ ಕಳೆದೀತು, ಆಗಿನದಾಗಲೇ ಏರಿಸಿರಿ ಅಂತ ಈ ಗದ್ದಲಕ್ಕೆ ಒಂದೆರಡು ತಿಂಗಳು ಮೊದಲು ನಾನು ಊರೂರು ತಿರುಗಿ ಹೇಳಿದೆ. ಕೇಳಿದವಳು ರೇಣುಕಾ ಒಬ್ಬಳೇ. ಸೂಜಿ ತೆಗೆದು, ಹತ್ತಿ ಒತ್ತಿ, ಕೈ ತೊಳೆದು ಬಂದು ಬರೆಯುವಳು. ಚೀಟಿಯ ರೂಢಿಯನ್ನೇ ಬಿಟ್ಟಳು. ಲಸಿಕೆಯ ಫ್ರಿಜ್ಜು ಇದ್ದದ್ದು ದೇವಿಕೊಪ್ಪದಲ್ಲಿ ಮಾತ್ರ, ಅಲ್ಲಿ ಸೂಜಿಯ ದಿನ ಸೋಮವಾರ ಮುಂಜಾನೆ.

ಫಕೀರವ್ವ ಅಂತ ಅದೇ ಊರಿನ ಮುದುಕಿ. ಒಂದು ಸೋಮವಾರ ಬೆಳಗ್ಗೆ ಹಿತ್ತಲಲ್ಲಿ ಅವಳಿಗೆ ನಾಯಿ ಕಡಿಯಿತು. ಆ ಲಸಿಕೆಗೆ ಐದು ಸರತಿ. ಕಡಿದ ದಿನ ಒಂದು, ಮೂರನೇ ದಿನಕ್ಕೆ ಒಂದು, ಆಮೇಲೆ ಏಳು, ಹದಿನಾಲ್ಕು, ಇಪ್ಪತ್ತೆಂಟನೇ ದಿನಕ್ಕೆ ಒಂದೊಂದು. ಲೆಕ್ಕ ಹಾಕಿದರೆ ಗುರುವಾರದ್ದೊಂದು ಬಿಟ್ಟು ಉಳಿದ ನಾಲ್ಕೂ ಸೋಮವಾರ ಬರುತ್ತವೆ. ಏಳನೇ ದಿನ ರೇಣುಕಾ ನನಗೆ ಫೋನು ಮಾಡಿ, ಕಾಕಾ, ಹೋದ ಸೋಮವಾರದ್ದು ಕಾಣವಲ್ದು ಅಂದಳು. ನೀನೇ ಉಳಿಸುವುದನ್ನು ಮರೆತಿರಬೇಕು ಅಂದೆ. ಮರೆತಿಲ್ಲ ಅಂದಳು. ಸರಿ, ಸೋಮವಾರ ಹೇಗೂ ನಾನು ದವಾಖಾನೆಗಳ ಸುತ್ತ ತಿರುಗುವ ದಿನ, ಮುಂದಿನ ವಾರ ನಾನೇ ಬಂದು ನೋಡುತ್ತೇನೆ ಅಂದೆ. ಹೋದೆ. ಅವಳು ಬರೆದಳು, ನಾನು ಪಕ್ಕದಲ್ಲಿ ನಿಂತು ಗುಂಡಿ ಒತ್ತು ಅಂದೆ, ಒತ್ತಿದಳು, ಉಳಿಯಿತು. ತೆರೆದು ನೋಡಿದೆವು, ಇತ್ತು. ಆಗ ನಾನು ಚಹಾ ಕುಡಿದು ಬಂದೆ. ಹಿಂದಿನದು ಯಾಕೆ ಹೋಯಿತು ಅಂತ ನೋಡಲಿಲ್ಲ. ಇಂದಿನದು ಇದೆಯಲ್ಲ, ಸಾಕು ಅನಿಸಿತು.

ಐದೂ ಸರತಿ ಮುಗಿದ ಮರುದಿನ ಡಾಕ್ಟರರು ಕಲಘಟಗಿಯಲ್ಲಿ ಕೂತು ದಾಖಲೆ ನೋಡಿದರೆ ಫಕೀರವ್ವನ ಹೆಸರಿನಲ್ಲಿ ಒಂದೇ ಸೂಜಿ. ಅವರು ಗಾಬರಿಯಾದರು. ಒಂದೇ ಆಗಿದ್ದರೆ ಮುದುಕಿಯ ಜೀವದ ಪ್ರಶ್ನೆ. ಅವಳನ್ನು ಕರೆಸಿ ಮೊದಲಿನಿಂದ ಮತ್ತೆ ಐದೂ ತೆಗೆದುಕೊಳ್ಳಬೇಕು ಅಂದರು.

“ಮತ್ತ ಐದು ಯಾಕ್ರಿ?” ಅಂದಳು ಫಕೀರವ್ವ. “ನಾಯಿ ಒಂದ ಸಲ ಕಡದೈತಿ.”

ಐದೂ ಆಗಿವೆ ಅಂತ ಬೆರಳು ಮಡಚಿ ತೋರಿಸಿದಳು. ಗೌಡರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದೇ ಓಣಿಯವರು, ನರ್ಸಿನ ಪರವಾಗಿ ಹೇಳುತ್ತಾರೆ ಅಂದರು. ಹಾಗೆ ಆ ಮಂಗಳವಾರದ ಸಭೆ ಸೇರಿತು, ಹಾಗೆ ನಾನು ಇಲ್ರಿ ಅಂದೆ.

ಯಾಕೆ ಅಂದೆ ಅಂದರೆ, ನನಗೆ ನನ್ನ ಮೇಲೇ ಅನುಮಾನ ಬಂತು. ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಇತ್ತೀಚೆಗೆ ಕನ್ನಡಕ ಹಣೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕುವವನು ನಾನು. ಪಕ್ಕದಲ್ಲಿ ನಿಂತು ನೋಡಿದ್ದು ಆ ಸೋಮವಾರವೋ, ಬೇರೆಯೋ? ಫಕೀರವ್ವನ ಹೆಸರೋ, ಮತ್ತೊಬ್ಬರದೋ? ಇಪ್ಪತ್ತು ವರ್ಷ ನಾನೇ ಎಲ್ಲರಿಗೂ ಯಂತ್ರ ಸುಳ್ಳು ಹೇಳುವುದಿಲ್ಲ ಅಂತ ಸಾರಿದವನು. ಅದು ಒಂದು ಹೇಳುತ್ತದೆ, ನನ್ನ ಕಣ್ಣು ಒಂದು ಹೇಳುತ್ತದೆ. ಕಣ್ಣಿನ ಮಾತನ್ನು ನುಂಗಿದೆ. ಮನೆಗೆ ಹೋಗಿ ನಾಲ್ಕು ದಿನ ಪಡಸಾಲೆಯಲ್ಲಿ ಕೂತು ಪಟ್ಟಿ ತಿರುವಿದೆ. ಯಾವ ತಪ್ಪೂ ಕಾಣಲಿಲ್ಲ. ಕಂಡದ್ದು ಒಂದೇ. ಸೋಮವಾರ ಮಧ್ಯಾಹ್ನ ನೋಡಿದಾಗಲೆಲ್ಲ ಯಂತ್ರ ಎದ್ದು ಬಹಳ ಹೊತ್ತಾಗಿರುವುದಿಲ್ಲ. ಕರೆಂಟು ಹೋಗಿ ಬಂದಿರಬೇಕು ಅಂತ ವರ್ಷಗಟ್ಟಲೆ ಬಿಟ್ಟಿದ್ದೆ. ಕರೆಂಟು ವಾರ ನೋಡಿ ಹೋಗುತ್ತದೆಯೇ?

ಮುಂದಿನ ಸೋಮವಾರ ದವಾಖಾನೆಗಳಿಗೆ ಹೋಗದೆ, ಯಾರಿಗೂ ಹೇಳದೆ ನೆಟ್ಟಗೆ ಕಲಘಟಗಿ ಆಫೀಸಿಗೆ ಹೋದೆ. ಯಂತ್ರದ ಕೋಣೆ ನಿಶ್ಶಬ್ದ. ಒಂದು ದೀಪವೂ ಮಿಣುಕುವುದಿಲ್ಲ. ಯಂತ್ರದ ಮೈ ಒರೆಸಿ, ಮುಂದೆ ವಿಭೂತಿಯ ಮೂರು ಬೆರಳು ಎಳೆದು, ತಲೆಯ ಮೇಲೆ ಒಂದು ಚೆಂಡು ಹೂವು ಇಟ್ಟು ದ್ಯಾಮಣ್ಣ ಮುಂದೆ ಕೂತಿದ್ದ.

“ಇದೇನೋ ದ್ಯಾಮಣ್ಣ?”

“ಸೋಮವಾರ ಅಲ್ಲೇನ್ರಿ,” ಅಂದ ಅವನು, ಇದೂ ಕೇಳುವ ಮಾತೇ ಅನ್ನುವ ಹಾಗೆ. “ಅರ್ಧಾ ದಿನ ರಜಾ ಕೊಡತೇನ್ರಿ. ಮಧ್ಯಾಹ್ನ ಬುತ್ತಿ ಉಂಡು ಮತ್ತ ಹಚ್ಚತೇನಿ.”

“ನಿನಗ ಇದನ್ನ ಯಾರು ಹೇಳಿದ್ರು?”

“ನೀವ ಹೇಳಿದ್ರೆಲ್ರಿ. ಇದು ಎತ್ತು ಇದ್ದಂಗ, ಎಂಟ ಊರಿನ ಬಂಡಿ ಒಂದ ಎಳಿತೈತಿ ಅಂತ. ಸೋಮವಾರ ಎತ್ತಿನ ಹೆಗಲಿಗೆ ನೊಗಾ ಇಡತಾರೇನ್ರಿ?”

ಹೇಳಿದ್ದೆ. ಯಂತ್ರ ಬಂದ ವರ್ಷ, ಇದು ಏನು ಮಾಡುತ್ತದೆ ಅಂತ ಅವನು ಕೇಳಿದಾಗ, ವಾಡೆಯ ಕತೆ ಅವನಿಗೆ ಹಿಡಿಸಲಿಲ್ಲ ಅಂತ ಎತ್ತಿನ ಕತೆ ಹೇಳಿದ್ದೆ. ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನ, ಯಾರೂ ಎತ್ತು ಹೂಡುವುದಿಲ್ಲ. ಒಕ್ಕಲು ಮನೆಯ ದ್ಯಾಮಣ್ಣನಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಬಂದ್ ಮಾಡುವ ಗುಂಡಿಯನ್ನು ಜೀವ ನೋಯದ ಹಾಗೆ ಮೆಲ್ಲಗೆ ಒತ್ತಬೇಕು ಅಂತ ಕಲಿಸಿದವನೂ ನಾನೇ. ಅವನ ಮೇಲೆ ಸಿಟ್ಟು ಮಾಡಬೇಕು ಅಂತ ಬಾಯಿ ತೆರೆದೆ, ಸಿಟ್ಟು ಬರಲಿಲ್ಲ.

ಅಲ್ಲೇ ನಿಂತು ಫರೀದಾಗೆ ಫೋನು ಮಾಡಿ, ಈಗ ದವಾಖಾನೆಗಳಿಗೆ ಉತ್ತರ ಕೊಡುತ್ತಿರುವುದು ಯಾರು ಅಂತ ಕೇಳಿದೆ.

“ನಮ್ಮ ಹುಬ್ಬಳ್ಳಿದು, ಕಾಕಾ. ಸೋಮವಾರ ಇಲ್ಲೇ ಏಳತೈತೆಲ್ಲ. ನಿಮಗ ಗೊತ್ತೈತಿ ಅಂದ್ಕೊಂಡಿದ್ದೆ.”

“ಅದರಾಗ ಮುಂಜಾನಿ ಬರದದ್ದು ನಮ್ಮ ಕಡೆ ಹೊಳ್ಳಿ ಬರತೈತೇನು?”

ಅದನ್ನು ನೀವು ಮಾಡಿದ್ದೀರಿ ಅಂದುಕೊಂಡಿದ್ದೆ ಅಂದಳು. ಅವಳು ಮಾಡಿದ್ದಾಳೆ ಅಂತ ನಾನು ಅಂದುಕೊಂಡಿದ್ದೆ. ಸೋಮವಾರ ಮುಂಜಾನೆ ರೇಣುಕಾ ಬರೆದದ್ದೆಲ್ಲ ಹುಬ್ಬಳ್ಳಿಯ ನಕಲಿನಲ್ಲಿ ಬಿದ್ದು, ಮಧ್ಯಾಹ್ನ ಅದರ ಜೊತೆಗೇ ಮಲಗುತ್ತಿತ್ತು. ಭಾನುವಾರ ಹೊಸ ನಕಲು ಬಂದಾಗ ಹಳೆಯದನ್ನು ಫರೀದಾ ಕೂಡಲೇ ಅಳಿಸದೆ, ತಾರೀಖು ಹಾಕಿ ಒಂದೆರಡು ತಿಂಗಳು ಬಾಜೂಕ ಇಡುತ್ತಿದ್ದಳು. ಹಾಗಾದರೆ ಸಿಕ್ಕವು ಅಂದುಕೊಂಡೆ. ಆ ಕ್ಷಣವೇ ನೆನಪಾಯಿತು. ಆ ಮಂಗಳವಾರದ ಸಭೆಗೂ ಎರಡು ದಿನ ಮೊದಲು ಹುಬ್ಬಳ್ಳಿಯ ಪಟ್ಟಿ ನೋಡಿ, ಒಂದೇ ಹೆಸರಿಗೆ ಬೇರೆ ಬೇರೆ ತಾರೀಖು ಹಚ್ಚಿದ ಐದಾರು ಹಳೆಯ ಮಷೀನು ಬಿದ್ದಿವೆಯಲ್ಲ, ಏನು ಕಸ ಇದು ಅಂತ ನಾನೇ ದುಮ್ಮವಾಡದಲ್ಲಿ ಕೂತು ಅವುಗಳ ಹೆಸರು ಕಿತ್ತುಹಾಕಿದ್ದೆ.

ಒಬ್ಬ ಹೆಣ್ಣುಮಗಳ ಆರು ವರ್ಷದ ದುಡಿಮೆ, ಅವಳ ಹೆಸರು, ನನ್ನ ಬೆರಳ ತುದಿಯಿಂದ ಅಳಿಸಿಹೋಗಿದೆ ಅಂತಲೇ ತಿಳಿದೆ. ಫರೀದಾ ಫೋನು ಇಟ್ಟಿರಲಿಲ್ಲ. ತಡೀರಿ ಕಾಕಾ, ನೋಡತೇನಿ ಅಂದಳು. ಎಷ್ಟು ಹೊತ್ತೋ. ಆಮೇಲೆ ಅವಳು ಹೇಳಿದ್ದು ಇದು: ಕಾರಭಾರಿಗೆ ಹೆಸರು ಕಿತ್ತುಹಾಕು ಅಂದರೆ ಅವನು ಬಾಗಿಲಿನ ಫಲಕ ಮಾತ್ರ ತೆಗೆಯುತ್ತಾನೆ. ಮನೆಯೊಳಗಿನ ಸಾಮಾನು, ಅಂದರೆ ಡಿಸ್ಕಿನ ಫೈಲು, ಅದನ್ನು ಬೇರೆಯಾಗಿ ಹೇಳದ ಹೊರತು ಮುಟ್ಟುವುದಿಲ್ಲ. ನಾನು ಹೇಳಿರಲಿಲ್ಲ. ಹೇಳಬೇಕು ಅಂತ ನನಗೆ ಗೊತ್ತೇ ಇರಲಿಲ್ಲ.

ಅವತ್ತೇ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋದೆ. ದೂರದಿಂದ ಮಾಡುವ ಧೈರ್ಯ ಇರಲಿಲ್ಲ. ಫರೀದಾ ಒಂದೊಂದೇ ಡಿಸ್ಕಿಗೆ ಹೊಸ ಹೆಸರು ಕೊಟ್ಟು, ದವಾಖಾನೆಗಳಿಗೆ ಕಾಣದ ಹಾಗೆ ಎಬ್ಬಿಸಿದಳು. ಇದ್ದವು. ಫಕೀರವ್ವ, ಎಡತೋಳು. ಫಕೀರವ್ವ, ಬಲತೋಳು. ಮೊಳೆ ತುಳಿದವರು, ಕುಡಗೋಲು ತಾಗಿದವರು. ಷರಾದ ಜಾಗದಲ್ಲಿ ರೇಣುಕಾ ತನಗೆ ತಿಳಿದದ್ದನ್ನು ಬರೆದಿದ್ದಳು: ಮಗು ಅಳು ನಿಲ್ಲಿಸಲಿಲ್ಲ, ಬೆಲ್ಲ ಕೊಟ್ಟೆ. ಫಕೀರವ್ವನ ಹದಿನಾಲ್ಕನೇ ದಿನದ ಸಾಲಿನ ಷರಾ ಹೀಗಿತ್ತು: ಕಂಪ್ಯೂಟರ್ ಕಾಕಾ ಬಾಜೂಕ ನಿಂತಿದ್ದಾರೆ, ಅವರ ಮುಂದೆಯೇ ಬರೆದದ್ದು.

ಫರೀದಾ ಓದಿದಳು. ನನ್ನ ಕಡೆ ನೋಡಲಿಲ್ಲ. ಪ್ರಿಂಟು ತೆಗೆಯಲೇ ಅಂತ ಕೇಳಿದಳು.

ಎರಡನೇ ಸಭೆಯಲ್ಲಿ ಅದೇ ಕೋಣೆ, ಅದೇ ಜನ. ಹಾಳೆಗಳನ್ನು ಗೌಡರ ಮುಂದೆ ಇಟ್ಟು ಎಲ್ಲಾ ಹೇಳಿದೆ. ಎತ್ತಿನ ಕತೆ ಹೇಳುವಾಗ ದ್ಯಾಮಣ್ಣ ತಲೆ ತಗ್ಗಿಸಿದ. ಅವನದೇನೂ ತಪ್ಪಿಲ್ಲ, ಕತೆ ನನ್ನದು ಅಂದೆ. ಗೌಡರು ಬಹಳ ಹೊತ್ತು ಹಾಳೆ ತಿರುವಿ, ಹಾಗಾದರೆ ಎರಡು ಯಂತ್ರಗಳಲ್ಲಿ ಸುಳ್ಳು ಹೇಳಿದ್ದು ಯಾವುದು ಅಂತ ಕೇಳಿದರು. ಯಾವುದೂ ಅಲ್ಲ, ನಾವು ಒಂದನ್ನೇ ಕೇಳಿದೆವು ಅಂದೆ. ಅವರಿಗೆ ಅದು ತಿಳಿಯಲಿಲ್ಲ. ಆದರೆ ಎದ್ದು ನಿಂತರು, ರೇಣುಕಾಗೆ ಕೈ ಮುಗಿದರು, ನಾಳೆಯಿಂದ ಬಾರವ್ವ ಅಂದರು. ಫಕೀರವ್ವನಿಗೆ ಮತ್ತೆ ಸೂಜಿ ಬೇಡ ಅಂತ ಡಾಕ್ಟರರು ಬರೆದುಕೊಟ್ಟರು.

ರೇಣುಕಾ ಆ ಹಾಳೆಗಳನ್ನು ಮುಟ್ಟಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ನಿಂತಳು.

“ಕಾಕಾ, ಅವತ್ತ ನೀವ ನನ್ನ ಬಾಜೂಕ ನಿಂತಿದ್ರಿ. ಅದನ್ನ ಹೇಳಾಕ ಕಂಪ್ಯೂಟರ್ ಯಾಕ ಬೇಕಾತ್ರಿ?”

ಅದರ ಉತ್ತರವನ್ನು ಈಗಲೂ ಹುಡುಕುತ್ತೇನೆ. ಎರಡು ಕಡೆ ಬರೆದದ್ದನ್ನು ಒಂದುಗೂಡಿಸುವ ದಾರಿಯನ್ನು ನಾನೂ ಫರೀದಾನೂ ಒಂದು ತಿಂಗಳು ಕೂತು ಮಾಡಿದೆವು, ಅದು ನಿಮಗೆ ಬರೆದಿಟ್ಟ ಕಾಗದಗಳಲ್ಲಿ ಸಿಗುತ್ತದೆ. ಈ ಉತ್ತರ ಅಲ್ಲಿ ಸಿಗುವುದಿಲ್ಲ.

ನಿವೃತ್ತನಾಗಿ ಮೂರು ತಿಂಗಳಿಗೆ ನನ್ನ ಹೆಂಡತಿ ಹಿತ್ತಲಲ್ಲಿ ತುಕ್ಕು ಹಿಡಿದ ತಂತಿ ತುಳಿದಳು. ಅವಳನ್ನು ಕರೆದುಕೊಂಡು ದೇವಿಕೊಪ್ಪಕ್ಕೆ ಹೋದೆ. ರೇಣುಕಾ ನಮ್ಮಿಬ್ಬರಿಗೂ ಕುರ್ಚಿ ಕೊಟ್ಟಳು, ಮನೆಯವರ ಯೋಗಕ್ಷೇಮ ಕೇಳಿದಳು, ಗಾಯ ತೊಳೆದು ಸೂಜಿ ಮಾಡಿದಳು. ಕೈ ತೊಳೆದು ಬಂದು ಕಂಪ್ಯೂಟರಿನ ಮುಂದೆ ಕೂತಳು. ನಾನು ಎದ್ದು ಹೊರಗೆ ಹೋಗುವವನಿದ್ದೆ, ಇಲ್ಲೇ ಬಾಜೂಕ ನಿಂದರ್ರಿ ಅಂದಳು. ನಿಂತೆ. ಹೆಂಡತಿಯ ಹೆಸರು, ಊರು, ಯಾವ ತೋಳು, ಎಲ್ಲಾ ಬರೆದು, ಷರಾದ ಜಾಗಕ್ಕೆ ಬಂದು ಕೈ ನಿಲ್ಲಿಸಿದಳು.

“ನಿಮ್ಮ ಹೆಸರು ಪೂರಾ ಹೇಳ್ರಿ, ಕಾಕಾ.”

ನನ್ನ ಹೆಸರು, ನಮ್ಮಪ್ಪನ ಹೆಸರು, ಅಡ್ಡಹೆಸರು ಹೇಳಿದೆ. ಒಂದೊಂದೇ ಅಕ್ಷರ ಒತ್ತಿ ಬರೆದುಕೊಂಡಳು. ಆಮೇಲೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದವರನ್ನು ಒಳಗೆ ಕರೆದಳು.